ಕೊನೆಯ ಕಂತು ಓದಿದವಳು

ಕಾದಂಬರಿಯನ್ನು ಹೇಗೆ ಮುಗಿಸಬೇಕು ಎಂದು ಹೊಸಬರು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವವರ ತಪ್ಪೇನಿಲ್ಲ. ನನ್ನ ಮೊದಲ ಕಾದಂಬರಿಯ ಕೊನೆ ಬಲು ಚೆನ್ನಾಗಿದೆ, ಓದಿ ಪುಸ್ತಕ ಮುಚ್ಚಿಟ್ಟರೆ ಮನಸ್ಸು ತುಂಬುತ್ತದೆ ಎಂದು ಇವತ್ತಿಗೂ ಜನ ಹೇಳುತ್ತಾರೆ. ಹೇಳಲಿ ಬಿಡಿ. ಆ ಕೊನೆಯನ್ನು ನಾನು ಏಕೆ ಹಾಗೆ ಬರೆದೆ ಎನ್ನುವುದು ಇಬ್ಬರಿಗೆ ಮಾತ್ರ ಗೊತ್ತು, ನನಗೆ ಮತ್ತು ನನ್ನ ನಾದಿನಿಗೆ.

ಆಗ ನಾವು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಮನೆಯಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆಗೆದರೆ ಎದುರು ಮನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವಳು. ಹಗಲು ಆಂಧ್ರ ಸರಕಾರದ ಕಚೇರಿಯೊಂದರಲ್ಲಿ ಇಂಗ್ಲಿಷ್ ಟೈಪು ಮಾಡುತ್ತಿದ್ದೆ, ಸಂಜೆ ಕನ್ನಡ ಬರೆಯುತ್ತಿದ್ದೆ. ಬರೆಯಲು ನನಗೆ ಸಿಕ್ಕ ಜಾಗ ಅಡುಗೆಮನೆಯ ಜೋಳದ ಡಬ್ಬಿಯ ಮುಚ್ಚಳ. ಅದರ ಮೇಲೆ ರಟ್ಟು ಇಟ್ಟುಕೊಂಡು ಎರಡು ಸಾಲು ಬರೆಯುವಷ್ಟರಲ್ಲಿ ಅತ್ತೆಯವರಿಗೆ ಜೋಳ ಬೇಕಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಒಳ್ಳೆಯ ಮೇಜು ಇತ್ತು. ಆದರೆ ಅಲ್ಲಿ ನಾದಿನಿ ಇದ್ದಳು.

ಅವಳು ನನ್ನ ಗಂಡನ ತಂಗಿ. ರಾಯಚೂರಿಗೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಎಲ್ಲ ಹೆಣ್ಣುಮಕ್ಕಳಂತೆ ಪಂಚಮಿ ಹಬ್ಬಕ್ಕೆ ತವರಿಗೆ ಬಂದಳು. ಉಂಡಿ ತಿಂದಳು, ಬಳೆ ಇಡಿಸಿಕೊಂಡಳು. ಹೊರಡುವ ದಿನ ಟ್ರಂಕಿನ ಮೇಲೆ ಕೂತುಬಿಟ್ಟು, ನಾ ಹೋಗೂದಿಲ್ಲ ಎಂದಳು. ಕಾರಣ ಹೇಳಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಅವಳ ಗಂಡ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬಾಗಿಲಿಗೆ ಕೀಲಿ, ಅಂದರೆ ಬೀಗ, ಹಾಕಿಕೊಂಡು ಹೋಗುತ್ತಿದ್ದನಂತೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ದಿನಾಲೂ.

ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಜೋರು ದನಿಯಲ್ಲಿ ಬೈದದ್ದೂ ಇಲ್ಲ. ಅದೇ ಅತ್ತೆಯವರ ಪೇಚು. ಕುಡಿಯುವ ಅಳಿಯನಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದಿತ್ತು. ಕೀಲಿ ಹಾಕುತ್ತಾನೆ ಎಂದರೆ ಕಾಳಜಿ ಮಾಡುತ್ತಾನೆ ಎಂದೇ ಎಲ್ಲರೂ ಅನ್ನುವುದು, ತಾವೂ ಹಾಗೇ ಅಂದುಕೊಂಡಿದ್ದರು. ಗಲ್ಲಿಯವರಿಗೆ ಅಳಿಯನಿಗೆ ಏನೋ ಟ್ರೇನಿಂಗ್ ನಡೆದಿದೆ ಎಂದು ಹೇಳಿದರು. ಟ್ರೇನಿಂಗ್ ವರ್ಷ ದಾಟಿತು. ಜನ ಏನಾದರೂ ಕೇಳಿಯಾರು ಎಂದು ಮಗಳನ್ನು ಬಜಾರಿಗೆ ಕಳಿಸುವುದನ್ನೂ ಬಿಟ್ಟರು. ಅಲ್ಲಿ ಅವಳಿಗೆ ಕೀಲಿ ಇತ್ತು, ಇಲ್ಲಿ ಗಲ್ಲಿ ಇತ್ತು. ದಿನವಿಡೀ ಅವಳು ಮುಂದಿನ ಕೋಣೆಯಲ್ಲಿ ಎದುರು ಮನೆಯ ಗೋಡೆ ನೋಡುತ್ತ ಕೂತಿರುತ್ತಿದ್ದಳು. ನಾನು ಕಚೇರಿಯಿಂದ ಬಂದಾಗ ಅವಳ ಬೆನ್ನು ಕಂಡರೆ ಒಮ್ಮೊಮ್ಮೆ ಕರುಳು ಚುರುಕ್ ಎನ್ನುತ್ತಿತ್ತು. ಒಮ್ಮೊಮ್ಮೆ, ಸುಳ್ಳು ಯಾಕೆ ಹೇಳಲಿ, ಮೇಜು ಕಾಣುತ್ತಿತ್ತು.

ಆ ಹೊತ್ತಿಗೆ ನನಗೊಂದು ಕಥೆ ಬೇಕಾಗಿತ್ತು. ನಾನು ಅವಳ ಕೀಲಿಯನ್ನೇ ಎತ್ತಿಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಊರು ಬದಲಿಸಿದೆ, ಗಂಡನಿಗೆ ಮೀಸೆ ಇಟ್ಟೆ, ಹೆಂಡತಿಯನ್ನು ಸ್ವಲ್ಪ ಬೆಳ್ಳಗೆ ಮಾಡಿದೆ. ಬಾಗಿಲು, ಒಂಬತ್ತು ಗಂಟೆ, ಹೊರಗಿನಿಂದ ಕೀಲಿಕೈ ತಿರುಗುವ ಸದ್ದು, ಇವನ್ನೆಲ್ಲ ಅವಳು ಹೇಳಿದಂತೆಯೇ ಬರೆದೆ. ಕನ್ನಡದ ವಾರಪತ್ರಿಕೆಯೊಂದು ಅದನ್ನು ಧಾರಾವಾಹಿಯಾಗಿ ಹಾಕಲು ಒಪ್ಪಿತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆದರೆ ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವರು ಯಾರು? ಅತ್ತೆಯವರು ಕಲಿತದ್ದು ನಾಲ್ಕು ಇಯತ್ತೆ, ಅದೂ ಉರ್ದುವಿನಲ್ಲಿ. ನಮ್ಮವರು ತೆಲುಗು ಶಾಲೆಯವರು. ನನ್ನ ಬರಹಕ್ಕೆ ಅಡ್ಡ ಬರದಿರುವುದೇ ಅವರು ತೋರುತ್ತಿದ್ದ ಮರ್ಯಾದೆ. ಗಲ್ಲಿಯ ಕನ್ನಡ ಹೆಣ್ಣುಮಕ್ಕಳೆಲ್ಲ ಹೀಗೆಯೇ. ಮನೆಯಲ್ಲಿ ಮಾತು ಕನ್ನಡ, ಓದು ಉರ್ದು ಇಲ್ಲವೇ ತೆಲುಗು. ತೆಲುಗು ಬಲ್ಲವರು ಅಕ್ಷರ ಕೂಡಿಸಿ ಕೂಡಿಸಿ ಒಂದು ಶೀರ್ಷಿಕೆ ಓದಿಯಾರು, ಕಥೆ ಓದುವಷ್ಟು ತಾಳ್ಮೆ ಒಬ್ಬರಿಗೂ ಇರಲಿಲ್ಲ. ನನ್ನನ್ನು ಬಿಟ್ಟರೆ ಕನ್ನಡ ಶಾಲೆಗೆ ಹೋದವಳು ನಾದಿನಿ ಒಬ್ಬಳೇ, ಬರೆದದ್ದನ್ನು ನಾನೇ ಓದಲು ನನಗೆ ಸಂಕೋಚ. ಹಾಗಾಗಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಏಳೆಂಟು ಹೆಂಗಸರು ನಮ್ಮ ಮುಂದಿನ ಕೋಣೆಗೆ ಬಂದು ಕೂಡುವುದು, ಒಬ್ಬರು ಅಕ್ಕಿ ಆರಿಸುವುದು, ಒಬ್ಬರು ಬತ್ತಿ ಹೊಸೆಯುವುದು, ನಾದಿನಿ ಕಂತನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು. ಪತ್ರಿಕೆ ಶನಿವಾರವೇ ಕೈಗೆ ಬರುತ್ತಿತ್ತು. ತಡವರಿಸಬಾರದೆಂದು ಅವಳು ಮೊದಲೇ ಒಮ್ಮೆ ತಾನೇ ಓದಿಕೊಂಡಿರುತ್ತಿದ್ದಳು.

ಕೀಲಿಯ ಕಂತು ಬಂದ ಭಾನುವಾರ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅವಳು ಒಂದೇ ದನಿಯಲ್ಲಿ ಓದಿದಳು. ನಡುವೆ ಒಂದೇ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿ ಪುಟ ತಿರುವಿದಳು. ಅತ್ತೆಯವರು ನೆಲ ನೋಡುತ್ತ ಕೂತಿದ್ದರು. ಉಳಿದವರು ಪಾಪ ಪಾಪ ಎಂದು ಲೊಚಗುಟ್ಟಿದರು. ಅವರಿಗೆ ಅದು ಬರೀ ಕಥೆ.

ಕಾದಂಬರಿ ಮುಗಿಯುವ ಹೊತ್ತಿಗೆ ಎಲ್ಲರೂ ನನ್ನ ತಲೆಯ ಮೇಲೆ ಕೂತರು. ಸಂಪಾದಕರು ಪತ್ರ ಬರೆದರು: ಓದುಗರು ತುಂಬ ನೊಂದುಕೊಂಡಿದ್ದಾರೆ, ದಂಪತಿಗಳನ್ನು ಕೂಡಿಸಿ, ಸಮಾಧಾನವಾಗುವಂತೆ ಮುಗಿಸಿ. ಭಾನುವಾರದ ಹೆಂಗಸರದೂ ಅದೇ ವರಾತ. ಅತ್ತೆಯವರು ಮಾತ್ರ ಎಲ್ಲರ ಮುಂದೆ ಏನೂ ಹೇಳಲಿಲ್ಲ. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂತು ದನಿ ತಗ್ಗಿಸಿದರು.

‘ರಾಯಚೂರಿನಿಂದ ಪತ್ರ ಬಂದೈತಿ. ಕರಕೊಂಡು ಹೋಗಾಕ ಬರತಾರಂತ. ನಾ ಹೇಳಿದರ ಆಕಿ ಕೇಳೂದಿಲ್ಲ, ನೀ ಬರದದ್ದು ಕೇಳತಾಳ. ಚಲೋ ಮುಗಸವಾ.’

ಅವರು ಎಲ್ಲವನ್ನೂ ಲೆಕ್ಕ ಹಾಕಿಟ್ಟಿದ್ದರು. ಕೊನೆಯ ಕಂತು ಯಾವ ಭಾನುವಾರ ಎಂದು ನನ್ನಿಂದ ಕೇಳಿ ತಿಳಿದುಕೊಂಡು, ಅದರ ಮುಂದಿನ ಬುಧವಾರ ಬರಬೇಕೆಂದು ಅಳಿಯನಿಗೆ ಬರೆಸಿದರು. ಆ ಕಾರ್ಡನ್ನು ಬರೆದುಕೊಟ್ಟವಳೂ ನಾನೇ.

ನಾನು ಎರಡು ಕೊನೆ ಬರೆದೆ. ಒಂದರಲ್ಲಿ ಆಕೆ ಗಂಡನೊಂದಿಗೆ ಹೋಗುವುದಿಲ್ಲ. ಎರಡನೆಯದರಲ್ಲಿ ಗಂಡ ಬರುತ್ತಾನೆ, ಆ ಕೀಲಿಯನ್ನೂ ಕೀಲಿಕೈಯನ್ನೂ ಅವಳ ಕೈಯಲ್ಲಿಟ್ಟು ತಲೆ ತಗ್ಗಿಸುತ್ತಾನೆ, ಇಬ್ಬರೂ ಅಳುತ್ತಾರೆ, ರೈಲು ಹತ್ತುತ್ತಾರೆ. ಮೊದಲನೆಯದು ಒರಟಾಗಿತ್ತು, ನಡುವೆಯೇ ಕಡಿದಂತೆ ಇತ್ತು. ಎರಡನೆಯದು ನೀಟಾಗಿ ಬಂದಿತ್ತು. ಕೊನೆ ಎಂದರೆ ಓದುಗರು ಹಿಡಿದಿಟ್ಟ ಉಸಿರನ್ನು ಬಿಡಬೇಕು ಎಂದೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ. ಅದೆಲ್ಲ ಬೊಗಳೆ. ಅವಳು ಹೋದರೆ ಮುಂದಿನ ಕೋಣೆ ಖಾಲಿಯಾಗುತ್ತದೆ ಎನ್ನುವುದು ನನ್ನ ತಲೆಯಲ್ಲಿತ್ತು. ಸಂಪಾದಕರು ಮೆಚ್ಚುತ್ತಾರೆ, ಅತ್ತೆಯವರು ಮೆಚ್ಚುತ್ತಾರೆ, ನನಗೆ ಮೇಜು ಸಿಗುತ್ತದೆ. ಮೊದಲನೆಯದನ್ನು ಒಲೆಗೆ ಹಾಕಿ ಎರಡನೆಯದನ್ನು ಅಂಚೆಗೆ ಹಾಕಿದೆ. ಹೇಗೆ ಮುಗಿಸಿದೆ ಎಂದು ಅತ್ತೆಯವರಿಗೆ ಹೇಳಿದಾಗ ಅವರು ನನ್ನ ತಲೆ ನೇವರಿಸಿದರು. ಮದುವೆಯಾಗಿ ಆರು ವರ್ಷಕ್ಕೆ ಅದೇ ಮೊದಲ ಸಲ.

ಶನಿವಾರ ಪತ್ರಿಕೆ ಬಂತು. ನಾದಿನಿ ಅದನ್ನು ತೆಗೆದುಕೊಂಡು ಹೋಗಿ ಓದಿಕೊಂಡಳು. ರಾತ್ರಿ ಊಟಕ್ಕೆ ಕೂತಾಗ ಸಾರು ಚೆನ್ನಾಗಿದೆ ಎಂದಳು.

ಭಾನುವಾರ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮಂಡಿ ನೋವೆಂದು ಎಲ್ಲಿಗೂ ಹೋಗದ, ಬಂದರೂ ತುಟಿ ಬಿಚ್ಚದ, ಗೋದಾಮಿನ ಪಕ್ಕದ ಕೆಳಗಿನ ಮನೆಯ ಅಜ್ಜಿ ಕೂಡ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ಬಾಗಿಲಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದೆ. ನಾದಿನಿ ಓದತೊಡಗಿದಳು. ನನ್ನ ಸಾಲುಗಳು ನನಗೆ ಬಾಯಿಪಾಠ. ಗಂಡ ಬಂದ, ಚಪ್ಪಲಿ ಬಿಟ್ಟ, ಕುರ್ಚಿಯ ತುದಿಯಲ್ಲಿ ಕೂತ, ಜೇಬಿನಿಂದ ಕೀಲಿ ತೆಗೆದ, ಅವಳ ಅಂಗೈಯಲ್ಲಿಟ್ಟ. ಇಲ್ಲಿಗೆ ಅವಳ ಕಣ್ಣಲ್ಲಿ ನೀರು ಬರಬೇಕು.

ಬರಲಿಲ್ಲ. ನಾದಿನಿಯ ಬೆರಳು ಸಾಲಿನ ಮೇಲೇ ಇತ್ತು, ದನಿ ಎಲ್ಲೂ ತಡೆಯಲಿಲ್ಲ. ಅವಳು ಓದಿದ್ದು ಇದು: ‘ಆಕೆ ಕೀಲಿಯನ್ನು ತಿರುಗಿಸಿ ನೋಡಿದಳು. ಅದಕ್ಕೆ ಒಂದೇ ಕೀಲಿಕೈ ಇತ್ತು. ಕೊಳ್ಳುವಾಗ ಎರಡು ಕೊಟ್ಟಿರುತ್ತಾರೆ, ಇನ್ನೊಂದು ಎಲ್ಲಿ ಎಂದು ಕೇಳಿದಳು. ಅವನು ತನ್ನ ಚಪ್ಪಲಿಯ ಕಡೆ ನೋಡಿದ. ಆಕೆ ಕೀಲಿಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟಳು. ಸಂಜೆಯ ಗಾಡಿಗೆ ಅವನೊಬ್ಬನೇ ಹೋದ.’

ಮುಗೀತು ಎಂದು ಹೇಳಿ ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು.

ಪತ್ರಿಕೆಯಲ್ಲಿ ಅಂಥ ಒಂದು ಸಾಲೂ ಇಲ್ಲ. ತೆಲುಗು ಬಲ್ಲವರು ಯಾರಾದರೂ ಎಲ್ಲಿ ತಾ ನೋಡೋಣ ಎಂದು ಕೈ ಚಾಚಿ ಅಕ್ಷರ ಕೂಡಿಸಲು ಕೂತರೆ ಅವಳ ಗತಿ ಏನು? ಯಾರೂ ಕೇಳಲಿಲ್ಲ. ಅತ್ತೆಯವರ ಮುಖ ಮಾತ್ರ ಕಪ್ಪಿಟ್ಟಿತು. ಎಲ್ಲರ ಮುಂದೆಯೇ ಅವರು ನನ್ನ ಕಡೆ ತಿರುಗಿದರು.

‘ನನಗ ಬ್ಯಾರೆ ಹೇಳಿದ್ಯಲ್ಲ. ಹಿಂಗ ಬರದೀಯೇನು?’

ನಾದಿನಿ ನನ್ನನ್ನು ನೋಡಲಿಲ್ಲ. ತನ್ನ ಕಾಲ ಬೆರಳು ನೋಡುತ್ತಿದ್ದಳು. ಇಲ್ಲರೀ, ಅದು ನನ್ನದಲ್ಲ ಎಂದು ನಾನು ಅಂದರೆ ಸಾಕು, ಬುಧವಾರ ಅವಳು ರಾಯಚೂರಿನ ಗಾಡಿ ಹತ್ತಬೇಕು. ನನಗೆ ನಿಜವಾಗಿ ಸಿಟ್ಟೂ ಬಂದಿತ್ತು. ನನ್ನ ಕಾದಂಬರಿ, ನನ್ನ ಹೆಸರು, ಅವಳು ಕೈ ಹಾಕಿದ್ದಾಳೆ ಎಂದು. ಎಂಥ ಮಾತು ನೋಡಿ! ಮೊದಲು ಕೈ ಹಾಕಿದವಳು ಯಾರು?

‘ಹೌದ್ರಿ,’ ಎಂದೆ. ‘ಆಮ್ಯಾಲ ತಿದ್ದಿದೆ. ಹಿಂಗ ಬರದೀನಿ.’

ಅತ್ತೆಯವರು ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಬಾಯಿ ಬಿಟ್ಟರು.

‘ನಮ್ಮವರೂ ಹಾಕತಿದ್ರು. ಹನ್ನೊಂದು ವರ್ಷ.’

ಅಕ್ಕಿ ಆರಿಸುತ್ತಿದ್ದ ಕೈಗಳು ನಿಂತವು. ಆ ಅಜ್ಜಿಯ ಗಂಡ ದೇವರಂಥ ಮನುಷ್ಯ ಎಂದು ಇಡೀ ಗಲ್ಲಿ ಹೇಳುತ್ತಿತ್ತು, ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ಇಳಿಸು ನನ್ನ ಎಂದು ಪಕ್ಕದವಳ ಕೈ ಹಿಡಿದರು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅತ್ತೆಯವರು ಸಂಜೆಯವರೆಗೂ ಅಲ್ಲೇ ಕೂತಿದ್ದರು. ದೀಪ ಹಚ್ಚಲಿಕ್ಕೂ ಏಳಲಿಲ್ಲ.

ಬುಧವಾರ ಅಳಿಯ ಬಂದ. ಒಂದು ಡಜನ್ ಬಾಳೆಹಣ್ಣು, ಹೆಂಡತಿಗೆ ಒಂದು ಸೀರೆ. ನೋಡಿದರೆ ಯಾರಿಗೂ ಪಾಪ ಎನಿಸುವ ಮುಖ. ನಾನು ಕಚೇರಿಗೆ ರಜೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾದಿನಿ ನನ್ನ ಹಿಂದೆ ಇದ್ದಳು, ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಅತ್ತೆಯವರು ಊರು, ಮಳೆ, ಅವನ ತಾಯಿಯ ಆರೋಗ್ಯ ಎಲ್ಲ ವಿಚಾರಿಸಿದರು. ಚಹಾದ ಕಪ್ಪು ಕೊಟ್ಟರು. ಆಮೇಲೆ ಕೇಳಿದರು.

‘ಅಲ್ರೀ, ಕೀಲಿಗೆ ಎರಡು ಕೀಲಿಕೈ ಇರತಾವಲ್ಲ. ನೀವು ಒಂದು ಒಯ್ದರ ಇನ್ನೊಂದು ಯಾರ ಕಡೆ ಇರತೈತ್ರಿ?’

ಅವನಿಗೆ ಅದು ಪೇಚಿನ ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಚಹಾಕ್ಕೆ ಉಫ್ ಎಂದು ಊದಿ, ಬಹಳ ಮರ್ಯಾದೆಯಿಂದ ಹೇಳಿದ.

‘ಎರಡೂ ನನ್ನ ಕಡೇನ ಇರತಾವ್ರಿ. ಆಕಿ ಕಡೆ ಕೊಟ್ಟರ ಕಳದಾಳು ಅಂತ.’

ಅತ್ತೆಯವರು ಅವನು ತಂದ ಸೀರೆಯನ್ನು ಕೈಗೆತ್ತಿಕೊಂಡರು. ಚಹಾ ಕುಡಿದು ಹೊರಡಿ, ಸಂಜೆಯ ಗಾಡಿ ತಪ್ಪೀತು ಎಂದರು. ಸೀರೆಯನ್ನು ಮಡಿಕೆ ಬಿಚ್ಚದೆ ಅವನ ಚೀಲದಲ್ಲೇ ಹಿಂದಕ್ಕೆ ಇಟ್ಟರು.

ಪತ್ರಿಕೆಯ ಓದುಗರು ಕೊನೆಯನ್ನು ಮೆಚ್ಚಿ ಬರೆದ ಪತ್ರಗಳು ಮಾತ್ರ ಬರುತ್ತಲೇ ಇದ್ದವು. ವರ್ಷದ ಮೇಲೆ ಪ್ರಕಾಶಕರೊಬ್ಬರು ಅದನ್ನು ಪುಸ್ತಕ ಮಾಡುತ್ತೇನೆ ಎಂದರು. ಕೊನೆ ಬದಲಿಸಲೇ ಎಂದು ಕೇಳಿದೆ. ಅಯ್ಯೋ ಬೇಡಿ, ಪುಸ್ತಕ ಹೋಗುವುದೇ ಅದರಿಂದ ಎಂದರು. ನಾನು ಎರಡನೆಯ ಸಲ ಕೇಳಲಿಲ್ಲ. ಹಟ ಹಿಡಿದಿದ್ದರೆ ಒಪ್ಪುತ್ತಿದ್ದರೋ ಏನೋ. ಮೊದಲ ಪುಸ್ತಕ ಎಂಬ ಆಸೆಗೆ ನನ್ನ ಬಾಯಿ ಕಟ್ಟಿತು.

ಪುಸ್ತಕ ಬಂದ ದಿನ ನಾದಿನಿ ಕನ್ನಡ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿ ಆಗಷ್ಟೇ ಮನೆಗೆ ಬಂದಿದ್ದಳು. ಕೈಕಾಲು ತೊಳೆದುಕೊಂಡು ಬಂದು ಪುಸ್ತಕ ಎತ್ತಿಕೊಂಡು, ನಿಂತಲ್ಲೇ ಕೊನೆಯ ಪುಟ ತೆಗೆದು ಓದಿದಳು. ಈ ಸಲ ಮನಸ್ಸಿನಲ್ಲೇ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

‘ವೈನಿ, ಇದರಾಗ ನಾ ಹೋಗೇಬಿಟ್ಟೀನಲ್ರಿ,’ ಎಂದಳು. ‘ಇಲ್ಲಿಂದ ನನ್ನ ಯಾರು ಕರಕೊಂಡು ಬರತಾರ?’