ಮೈಗಳ್ಳ

ನನ್ನ ಗಂಡನನ್ನು ಆರು ತಿಂಗಳು ಮೈಗಳ್ಳ ಎಂದು ಕರೆದೆ. ಮುಚ್ಚುಮರೆ ಏನಿಲ್ಲ, ನಾವು ದುಡಿಯಲು ಬಂದು ನೆಲೆಸಿದ ಮಂಗೋರ್ ಹಿಲ್‌ನ ಓಣಿಗೆಲ್ಲ ಕೇಳುವಂತೆಯೇ ಕರೆದೆ.

ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿ, ಊರವರ ಮನೆಗಳಿಗೆಲ್ಲ ಗೋಡೆ ಕಟ್ಟಿದವರು ನೆಲದಿಂದ ಏಳಲು ಗೋಡೆ ಹಿಡಿಯತೊಡಗಿದರು. ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುವಲೂ ಆಗುತ್ತಿರಲಿಲ್ಲ. ನಾನು ಬೈದರೆ ಅದನ್ನೇ ನಾಲ್ಕಾರು ಸಲ ತಿರುವಿ ತಿರುವಿ ತೆಗೆದುಬಿಡುತ್ತಿದ್ದರು. ಬೈದಾಗ ಬರುವ ಬಲ ಬೈಯದಿದ್ದಾಗ ಎಲ್ಲಿ ಹೋಗಿರುತ್ತದೆ? ಆಳುಗಳಿಂದ ಕೆಲಸ ಮಾಡಿಸುವ ಅವರ ಮುಕಾದಮನೂ ಅದನ್ನೇ ಹೇಳಿದ್ದ: "ಅಕ್ಕಾರ, ಇವ್ರು ಮೊದಲ್ನೇ ಕಲ್ಲ ಎತ್ತಾಂಗಿಲ್ಲ. ಬೈದ್ರ ಎತ್ತತಾರ ನೋಡ್ರಿ."

"ಕಾಲಾಗ ಖರೇನ ಬಲ ಇಲ್ಲ," ಅನ್ನುತ್ತಿದ್ದರು ಇವರು. ನಾನು ನಂಬಲಿಲ್ಲ.

ಕೊನೆಗೊಂದು ದಿನ ಬಸ್ಸಿನ ಮೆಟ್ಟಿಲಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಅವರ ಮೊಣಕಾಲಿಗೆ ಬಡಿದರು. ಕಾಲು ಅಲ್ಲಾಡಲಿಲ್ಲ. ಹತ್ತು ಎಣಿಸುವವರೆಗೆ ಆ ಕಾಲನ್ನು ಬಿಗಿಯಾಗಿ ಚಾಚಿ ಹಿಡಿಯಲು ಹೇಳಿ, ಮತ್ತೆ ಬಡಿದರು. ಕಾಲು ಜಿಗಿಯಿತು.

ನಾನೇ ಮುಂದೆ ಬಂದೆ. "ನೋಡಿದ್ರಿಲ್ರಿ? ಹೇಳಿದ್ರ ಬರ್ತದ. ಎಲ್ಲಾ ನಾಟಕ."

"ನಾಟಕ ಅಲ್ರಿ ಇದು," ಎಂದ ಡಾಕ್ಟರಮ್ಮ ಎದೆಯ ಸ್ಕ್ಯಾನಿಗೆ ಬರೆದುಕೊಟ್ಟರು.

ಶ್ವಾಸಕೋಶದಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್. ಮೈ ಕಾಯುವ ರೋಗನಿರೋಧಕ ಶಕ್ತಿ ಆ ಗಡ್ಡೆಯನ್ನು ಹೊಡೆಯಲು ಹೊರಟಿತ್ತಂತೆ. ಗಡ್ಡೆಯಲ್ಲಿ ಇರುವಂಥದ್ದೇ ಏನೋ ನರದ ತುದಿಯಲ್ಲೂ ಇರುತ್ತದಂತೆ. ಗುರುತು ತಪ್ಪಿ ಅದನ್ನೂ ಹೊಡೆದಿದೆ. ಹಾಗಾಗಿ ನರ ಹೇಳಿದ್ದು ಸ್ನಾಯುವಿಗೆ ಮುಟ್ಟುವುದಿಲ್ಲ. ಒಂದೇ ಸಮನೆ ಪ್ರಯತ್ನಿಸಿದರೆ ಸ್ವಲ್ಪ ಹೊತ್ತು ಮುಟ್ಟುತ್ತದೆ. ಅಂದರೆ ಅದು ನನ್ನ ಬೈಗುಳಕ್ಕೆ ಬಂದ ಬಲವಲ್ಲ. ಕಳ್ಳ ಮೈಯೊಳಗೆ ಕೂತಿದ್ದ, ನಾನು ಮನೆಯವರನ್ನು ಹಿಡಿದು ಝಾಡಿಸುತ್ತಿದ್ದೆ. ಗಡ್ಡೆ ಇನ್ನೂ ಸಣ್ಣದಿದೆ, ಬೇಗ ಔಷಧಿ ಶುರು ಮಾಡೋಣ ಎಂದರು ಡಾಕ್ಟರಮ್ಮ.

ನನಗೆ ಅಳು ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ. ಮೇಜಿನ ಮೇಲಿದ್ದ ಸುತ್ತಿಗೆಯನ್ನು ನೋಡುತ್ತ ಕೂತಿದ್ದೆ. ನಾಚಿಕೆಯಾದರೂ ಆಗಬೇಕಿತ್ತು, ಅದೂ ಇಲ್ಲ. ಮನಸ್ಸಿಗೆ ಜೋಮು ಹಿಡಿದಿತ್ತು, ಇನ್ನೂ ಪೂರ್ತಿ ಬಿಟ್ಟಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ನೋಡಿದೆ, ಇವರ ಮುಖ ಅರಳಿತ್ತು. ಎಷ್ಟೋ ತಿಂಗಳಿಂದ ಆ ಮುಖ ಕಂಡಿರಲಿಲ್ಲ.

"ಅಂದ್ರ ನಾ ಖರೇನ ಹೇಳತಿದ್ದೆ, ಹೌದಿಲ್ಲೋ?" ಎಂದರು.

"ಹೌದ್ರಿ."

"ಮುಕಾದಮಗೂ ಹೇಳತಿ?"

"ಹೇಳತೇನ್ರಿ."

ಕ್ಯಾನ್ಸರಿನ ಬಗ್ಗೆ ಅವರು ಏನೂ ಕೇಳಲಿಲ್ಲ.