ಒಂಬತ್ತು ಬುಟ್ಟಿಗಳ ತಟ್ಟೆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಹಿಂಬದಿಯ ಇಳಿಜಾರಿನಲ್ಲಿ ಹೆಂಗಸೊಬ್ಬರು ಪೊರಕೆಯನ್ನು ಮರಕ್ಕೆ ಒರಗಿಸಿ, ತೋಳು ಮಡಚಿಕೊಂಡು ನಿಂತಿದ್ದಾರೆ. ಎಡಗಣ್ಣು ಮುಚ್ಚಿಯೇ ಇದೆ. ಕತ್ತನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ ಎದುರಿನ ಕಂಬ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತಾರೆ. ಕೈಯಲ್ಲಿದ್ದ ಪ್ಲಾಸ್ಟಿಕ್ ತಟ್ಟೆ ಹಾರುತ್ತದೆ. ಕಂಬದಿಂದ ಇಳಿಬಿಟ್ಟ ಸರಪಳಿಗಳಿಗೆ ಬಡಿದು ಅದು ಕೆಳಗಿನ ಬುಟ್ಟಿಯೊಳಗೆ ಬೀಳಬೇಕು. ಬೀಳುವುದಿಲ್ಲ, ಗೇಣು ದೂರದಲ್ಲಿ ಸಾಗಿ ಪೊದೆ ಸೇರುತ್ತದೆ.

‘ಇವತ್ತೂ ಕೈ ಕೊಡ್ತು’ ಎನ್ನುತ್ತಾರೆ ಅವರು, ಬಸ್ಸು ತಪ್ಪಿಸಿಕೊಂಡವರು ಹೇಳುವಷ್ಟೇ ಸಾದಾ ದನಿಯಲ್ಲಿ. ಪೊದೆಯಿಂದ ತಟ್ಟೆ ಎತ್ತಿಕೊಂಡು ಮತ್ತೆ ಪೊರಕೆ ಹಿಡಿಯುತ್ತಾರೆ.

ಈ ಆಟಕ್ಕೆ ಡಿಸ್ಕ್ ಗಾಲ್ಫ್ ಎನ್ನುತ್ತಾರೆ. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳಿಗೂ ತಟ್ಟೆ ಹಾಕಿದವರು ಗೆದ್ದಂತೆ. ಇಲ್ಲಿ ಇದ್ದದ್ದು ಒಂಬತ್ತೇ ಬುಟ್ಟಿ. ತೀರಾ ಪುಟ್ಟ ಅಂಗಳ. ಒಂದು ಸುತ್ತು ಹಾಕಲು ಆರುನೂರ ನಲವತ್ತು ಹೆಜ್ಜೆ ಸಾಕು. ಹೆಜ್ಜೆ ಎಣಿಸಿದವರೂ ಇವರೇ. ಇಪ್ಪತ್ತಾರು ವರ್ಷಗಳಿಂದ ಈ ಕಾಲೇಜಿನ ತೋಟದ ಕೆಲಸ ಇವರದು. ಹನ್ನೊಂದು ವರ್ಷದ ಹಿಂದೆ ಬುಟ್ಟಿಗಳನ್ನು ನೆಟ್ಟಾಗ ಹುಲ್ಲು ಕತ್ತರಿಸುವುದು, ಎಲೆ ಗುಡಿಸುವುದು, ಸರಪಳಿಗೆ ಎಣ್ಣೆ ಹಾಕುವುದು, ಪೊದೆಯಲ್ಲಿ ಕಳೆದುಹೋದ ತಟ್ಟೆ ಹುಡುಕಿ ಕೊಡುವುದು, ಎಲ್ಲವೂ ಇವರ ಕೊರಳಿಗೇ ಬಿತ್ತು. ವಿದ್ಯಾರ್ಥಿಗಳು ‘ತಟ್ಟೆಯಮ್ಮ’ ಎಂದು ಹೆಸರಿಟ್ಟರು. ಆಟ ಜೋರಾಗಿದ್ದ ಕಾಲದಲ್ಲಿ ದಿನಕ್ಕೆ ಹದಿನೈದು ತಟ್ಟೆ ಹುಡುಕಿ ಕೊಟ್ಟದ್ದುಂಟು.

ಕಣ್ಣು ಹೋದದ್ದೂ ಇದೇ ಅಂಗಳದಲ್ಲಿ, ನಾಲ್ಕು ವರ್ಷದ ಹಿಂದೆ. ಏಳನೆಯ ಬುಟ್ಟಿಯ ಹಿಂದೆ ಬಗ್ಗಿ ಎಲೆ ಬಾಚುತ್ತಿದ್ದರು. ‘ಮುಂದೆ ಕೆಲಸ ನಡೀತಿದೆ ಅಂತ ಕೆಂಪು ಬಟ್ಟೆ ಕಟ್ಟಿದ್ದೆ. ಯಾವತ್ತೂ ಕಟ್ಟದೆ ಒಳಗೆ ಕಾಲಿಟ್ಟವಳಲ್ಲ. ಸೊಂಟ ನೆಟ್ಟಗೆ ಮಾಡೋಣ ಅಂತ ಎದ್ದೆ ನೋಡಿ, ಹಾರಿ ಬಂದ ತಟ್ಟೆ ಎಡಗಣ್ಣಿಗೇ ಬಡೀತು, ಅಷ್ಟೇ.’

ಮೂರು ವಾರ ಆಸ್ಪತ್ರೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಹೋದದ್ದು ಒಂದು ಕಣ್ಣಲ್ಲ, ದೂರದ ಲೆಕ್ಕವೇ ಹೋಗಿದೆ ಎಂದು. ಲೋಟಕ್ಕೆ ಬಗ್ಗಿಸಿದ ಚಹಾ ಮೇಜಿಗೆ ಬೀಳುತ್ತಿತ್ತು. ಮೆಟ್ಟಿಲು ಮುಗಿದ ಮೇಲೂ ಕಾಲು ಇನ್ನೊಂದು ಮೆಟ್ಟಿಲು ಹುಡುಕುತ್ತಿತ್ತು. ಕಲಿತದ್ದನ್ನೆಲ್ಲ ಮೊದಲಿಂದ ಕಲಿಯಬೇಕಿತ್ತು. ಅದಕ್ಕೇ ಮುಂಜಾನೆ ಯಾರೂ ಬರುವ ಮೊದಲು ತಟ್ಟೆ ಎಸೆಯಲು ಶುರುಮಾಡಿದರು. ಅದುವರೆಗೆ ಒಮ್ಮೆಯೂ ಆಡಿದವರಲ್ಲ. ಮೊದಲ ತಿಂಗಳು ಹತ್ತು ಹೆಜ್ಜೆ ದೂರದಿಂದ ಇಪ್ಪತ್ತು ಎಸೆದರೆ ಒಂದೂ ಬೀಳುತ್ತಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಹನ್ನೆರಡು ಬೀಳತೊಡಗಿದವು. ಚಹಾ ಕೂಡ ಲೋಟದೊಳಗೆ ಬೀಳತೊಡಗಿತು.

ಮನೆಯಲ್ಲಿರುವುದು ಇಬ್ಬರೇ, ಇವರು ಮತ್ತು ಗಂಡನ ತಂಗಿ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ನಾದಿನಿ ಹೊಲಿಗೆಯಂತ್ರದ ಮುಂದೆ ಕೂತೇ ಮಾತಿಗೆ ಸೇರುತ್ತಾರೆ: ‘ನಮ್ಮತ್ತಿಗೆಗೆ ಊಟದ ತಟ್ಟೆ ಕೊಡೋದಕ್ಕೂ ಹೆದರಿಕೆ ನಂಗೆ. ಎಲ್ಲಿ ಕಿಟಕಿಯಿಂದ ಬೀಸಿಬಿಡ್ತಾರೋ ಅಂತ.’ ನಗು ಮುಗಿದ ಮೇಲೆ ದನಿ ತಗ್ಗಿಸುತ್ತಾರೆ. ‘ಈಗ ಹನ್ನೆರಡು ಬೀಳಲ್ಲ. ಮೂರೋ ನಾಲ್ಕೋ. ಬಲಗಣ್ಣಿಗೂ ಒತ್ತಡ ಜಾಸ್ತಿ ಅಂದ್ರು ಡಾಕ್ಟ್ರು. ಅಂಚಿನಿಂದ ಮಂಕಾಗ್ತಾ ಬರ್ತಿದೆ. ಔಷಧಿಯಿಂದ ನಿಧಾನ ಮಾಡಬಹುದು, ನಿಲ್ಲಿಸೋಕಾಗಲ್ವಂತೆ.’

ಅಂಗಳಕ್ಕೂ ಕಾಲ ಮುಗಿದಿದೆ. ಸಾವಿರದಷ್ಟಿದ್ದ ವಿದ್ಯಾರ್ಥಿಗಳು ಇನ್ನೂರಕ್ಕೆ ಇಳಿದಿದ್ದಾರೆ, ಆಡುವವರಿಲ್ಲ. ಇಳಿಜಾರನ್ನು ಮಟ್ಟ ಮಾಡಿ ವಾಹನ ನಿಲ್ಲಿಸಲು ಜಾಗ ಮಾಡುತ್ತಾರಂತೆ. ಬುಟ್ಟಿಗಳನ್ನು ಕೀಳುವ ಕೆಲಸವೂ ತಟ್ಟೆಯಮ್ಮನದೇ. ಒಂಬತ್ತನೆಯದರಿಂದ ಹಿಂದಕ್ಕೆ, ದಿನಕ್ಕೊಂದರಂತೆ ನಾಲ್ಕು ಕಿತ್ತಾಗಿದೆ. ಮೊನ್ನೆ ಏಳನೆಯದು. ‘ತುಕ್ಕು ಹಿಡಿದು ಕೂತಿತ್ತು, ಜಪ್ಪಯ್ಯ ಅಂದ್ರೂ ಬರಲಿಲ್ಲ. ಅದನ್ನ ತಬ್ಕೊಂಡು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತೆ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತೆ.’

ಕಣ್ಣಿಗೆ ಬಡಿದ ಆ ತಟ್ಟೆ ಎಸೆದವರು ಯಾರೆಂದು ಕಾಲೇಜಿಗೆ ಇವತ್ತಿಗೂ ಗೊತ್ತಿಲ್ಲ. ತಟ್ಟೆಯಮ್ಮನಿಗೆ ಗೊತ್ತು. ಕುಸಿದು ಬೀಳುವ ಮುನ್ನ ಬಲಗಣ್ಣಿಗೆ ಕಂಡಿತ್ತು: ದೂರದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತ ಹುಡುಗಿ. ಸಲಕರಣೆ ಕೋಣೆಗೆ ಬಂದು ಇವರ ಜತೆ ಚಹಾ ಹಂಚಿಕೊಳ್ಳುತ್ತಿದ್ದವಳು. ಅತ್ತೆ ಎಂದು ಕರೆಯುತ್ತಿದ್ದವಳು. ಅವಳು ತಿರುಗಿ ಓಡಿದಳು.

‘ಹೇಳಿದ್ರೆ ಕಾಲೇಜಿನಿಂದ ತೆಗೀತಿದ್ರು ಆ ಮಗೂನ. ಅದರಿಂದ ನನ್ನ ಕಣ್ಣು ವಾಪಸ್ ಬರ್ತಿತ್ತಾ? ಅವಳೇ ಬಂದು ಹೇಳ್ತಾಳೆ ಅಂತ ಕಾಯ್ತಾ ಇದ್ದೆ. ನಾನು ಇತ್ತ ಕಡೆ ಇದ್ರೆ ಅವಳು ಅತ್ತ ಕಡೆಯಿಂದ ಸುತ್ತಾಕ್ಕೊಂಡು ಹೋಗ್ತಿದ್ಲು. ಒಂದೂವರೆ ವರ್ಷ ಹಿಂಗೇ. ಓದು ಮುಗಿದ ದಿನ ಕೋಣೆ ಬಾಗಿಲಿಗೆ ಬಂದ್ಲು. ಅತ್ತೆ, ನೀರಿದೆಯಾ ಅಂದ್ಲು. ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು ಹೋದ್ಲು.’

ಇವರು ಬಾಯಿ ಬಿಡದ್ದರಿಂದ ಕಾಲೇಜು ತನಗೆ ತಿಳಿದದ್ದನ್ನು ಬರೆದುಕೊಂಡಿತು. ಅಪಘಾತಗಳ ಪುಸ್ತಕದಲ್ಲಿ ಒಂದೇ ಸಾಲು: ಕೆಲಸದಾಕೆ ಅಜಾಗರೂಕತೆಯಿಂದ ಆಟದ ದಾರಿಯಲ್ಲಿ ನಿಂತಿದ್ದರಿಂದ ಪೆಟ್ಟಾಗಿದೆ. ಕೆಳಗೆ ಸಹಿ ಮಾಡಿಸಿಕೊಂಡಾಗ ಕಣ್ಣಿನ ಕಟ್ಟು ಬಿಚ್ಚಿರಲಿಲ್ಲ. ಓದಿ ನೋಡಿದ್ದು ತಿಂಗಳುಗಳ ನಂತರ.

ಬುಟ್ಟಿ ಕೀಳುವ ಆದೇಶ ಬಂದ ಮರುದಿನ ಅವರು ಕಚೇರಿಗೆ ಹೋದರು. ಆ ಒಂದು ಪದ ತೆಗೆಯಿರಿ ಎಂದು ಕೇಳಿದರು. ಗುಮಾಸ್ತರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು, ಹಳೆಯ ಪುಸ್ತಕ ಹುಡುಕಿ ತಂದು, ಸಾಲನ್ನು ಎರಡು ಸಲ ಓದಿದರು. ‘ಸುಮ್ಮನೆ ತಿದ್ದೋಕಾಗಲ್ಲಮ್ಮ. ಎಸೆದದ್ದು ಯಾರು ಅಂತ ಹೇಳಿ. ಹೊಸದಾಗಿ ವರದಿ ಬರೆಯೋಣ’ ಎಂದರು.

ತಟ್ಟೆಯಮ್ಮ ಕುರ್ಚಿಯಿಂದ ಎದ್ದು ಬಂದರು.

‘ಅವಳಿಗೀಗ ಎಲ್ಲೋ ಕೆಲಸ ಸಿಕ್ಕಿರುತ್ತೆ’ ಎನ್ನುತ್ತಾರೆ, ಐದನೆಯ ಕಂಬದ ಬುಡದ ಮಣ್ಣು ಬಿಡಿಸುತ್ತ. ಗುದ್ದಲಿ ಒಮ್ಮೆ ಗುರಿ ತಪ್ಪಿ ಕಲ್ಲಿಗೆ ತಾಗುತ್ತದೆ. ಕತ್ತು ವಾಲಿಸಿ, ದೂರ ಅಳೆದು, ಮತ್ತೆ ಎತ್ತುತ್ತಾರೆ. ‘ಯಾರ ಹೆಸರೂ ಬರೆಯೋದು ಬೇಡ. ಅಜಾಗರೂಕತೆ ಅನ್ನೋ ಪದದ ಮೇಲೆ ಒಂದು ಗೀಟು ಎಳೆದ್ರೆ ಸಾಕು ನಂಗೆ. ಕಣ್ಣು ಪೂರ್ತಿ ಹೋಗೋದ್ರೊಳಗೆ ಎಳೆದ್ರೆ, ನಾನೇ ಕಣ್ಣಾರೆ ನೋಡ್ಬಹುದು.’