ಹಾಲಮ್ಮನ ಸೊಂಟದ ಮೇಲೆ ನಿಂತ ತೆಂಗಿನಕಾಯಿ

...ಅಥವಾ ಕಾಯಿ ಮೊದಲು ಎದ್ದು ನಿಂತದ್ದು ನನ್ನ ಅಂಗೈ ಮೇಲೆಯೇ ಇರಬಹುದು, ಮಲ್ಲಪ್ಪನವರ ಅಂಗೈ ಮೇಲೆ ಅಲ್ಲ. ಈ ಸಂಗತಿಯನ್ನು ನಾನು ಈವರೆಗೆ ಮೂವರಿಗೆ ಹೇಳಿದ್ದೇನೆ. ಮೂರು ಸಲವೂ ಕ್ರಮ ಬೇರೆಯಾಗಿತ್ತು. ಒಮ್ಮೆ ಅವರು ಮೊದಲು, ಒಮ್ಮೆ ನಾನು ಮೊದಲು. ಇನ್ನೊಮ್ಮೆ ಅವರು ಕಾಯಿ ಹಿಡಿಯಲೇ ಇಲ್ಲ ಎಂದು ಹೇಳಿದ ನೆನಪು. ಸಣ್ಣ ವ್ಯತ್ಯಾಸ ಎನ್ನಿಸಬಹುದು. ಆದರೆ ಅಂದು ನಡೆದದ್ದು ವಿಚಿತ್ರವೋ ಅಲ್ಲವೋ ಎನ್ನುವುದು ಪೂರ್ತಿಯಾಗಿ ಆ ಕ್ರಮದ ಮೇಲೆ ನಿಂತಿದೆ. ಆ ಕ್ರಮವೇ ನನಗೆ ಖಚಿತವಿಲ್ಲ.

ನಾನು ನರ್ಸ್. ಮನೆ ಅಜ್ಜಂಪುರ, ಕೆಲಸ ಕಡೂರು. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಇಳಿಸುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಆರೈಕೆ ಕಲಿಸುವುದು ನಮ್ಮ ತಂಡದ ಕೆಲಸ. ತಂಡ ಅಂದರೆ ನಾನು, ವ್ಯಾನು ಓಡಿಸುವ ಮಂಜಣ್ಣ, ತರೀಕೆರೆಯಲ್ಲಿ ಕೂತು ಫೋನಿನಲ್ಲಿ ಔಷಧಿ ಹೇಳುವ ಡಾಕ್ಟರ್ ಮೇಡಂ. ಕೈಗೆ ಕಟ್ಟಿದ ತಾಯತ, ತಲೆದಿಂಬಿನ ಕೆಳಗಿನ ನಿಂಬೆಹಣ್ಣು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಇವುಗಳನ್ನು ನಂಬಿ ಅಲೆದು, ತಡವಾಗಿ ನಮ್ಮ ಹತ್ತಿರ ಬಂದವರನ್ನು ಬೇಕಾದಷ್ಟು ನೋಡಿದ್ದೆ.

ಆ ವರ್ಷ ನಮ್ಮದೊಂದು ಪ್ರಬಂಧ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಆಯ್ಕೆಯಾಗಿತ್ತು. ವಿಷಯ, ಮಾತು ನಿಂತುಹೋದ ರೋಗಿಗಳ ನೋವನ್ನು ಮನೆಯವರೇ ಅಳೆಯುವುದು. ಅದಕ್ಕೊಂದು ಪಟ್ಟಿ ಇದೆ: ಉಸಿರು ಹೇಗಿದೆ, ನರಳುತ್ತಾರೆಯೇ, ಮುಖ ಕಿವುಚುತ್ತಾರೆಯೇ, ಮೈ ಬಿಗಿಯಾಗಿದೆಯೇ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೆಯೇ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಮನೆಯವರು ದಿನಕ್ಕೆರಡು ಸಲ ಬರೆಯುತ್ತಾರೆ, ನಾವು ಅದನ್ನು ನೋಡಿ ನೋವಿನ ಔಷಧಿ ಮಾರ್ಫಿನ್ ಹೆಚ್ಚು ಕಡಿಮೆ ಮಾಡುತ್ತೇವೆ. ಅದನ್ನು ನಾನೇ ಮಂಡಿಸಬೇಕೆಂದು ಮೇಡಂ ಹೇಳಿದ್ದರು. ಹೊರದೇಶದವರ ಮುಂದೆ ನಾನು ಮಾತಾಡುವುದು ಅದೇ ಮೊದಲು.

ಪ್ರಬಂಧದ ಜೀವವೇ ಹಾಲಮ್ಮ. ಚೌಳಹಿರಿಯೂರಿನ ಹತ್ತಿರದವರು, ವಯಸ್ಸು ಐವತ್ತರ ಆಚೀಚೆ. ಎದೆಯ ಕ್ಯಾನ್ಸರ್ ಮೆದುಳಿಗೆ ಹತ್ತಿ ಮಾತು ನಿಂತಿತ್ತು. ಬಲಗೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಮೆದುಳಿನ ಕಾಯಿಲೆಯಿಂದ ಬಂದ ಬಿಗಿ ಎಂದು ಬರೆದುಕೊಂಡು, ಪಟ್ಟಿಯ ಅಂಕದಲ್ಲಿ ಅದನ್ನು ನಾವು ಬಿಟ್ಟಿದ್ದೆವು. ಮಗಳು ಸವಿತ ಅಂಗನವಾಡಿ ಟೀಚರ್, ದಾಖಲೆ ಪುಸ್ತಕ ಬರೆದು ಪಳಗಿದ ಕೈ. ಅವಳು ಬರೆದ ಪಟ್ಟಿಯಲ್ಲಿ ಮೂರು ವಾರದಿಂದ ಸೊನ್ನೆಯೇ ಸೊನ್ನೆ. ಅದನ್ನು ನಂಬಿ ನಾವು ಮಾರ್ಫಿನ್ ಅರ್ಧಕ್ಕಿಳಿಸಿದ್ದೆವು. ಮನೆಯವರ ಕಣ್ಣನ್ನು ನಂಬಿದರೆ ಔಷಧಿಯನ್ನೂ ಕಡಿಮೆ ಮಾಡಬಹುದು, ಇದೇ ನಮ್ಮ ಪ್ರಬಂಧದ ತೀರ್ಮಾನ.

ಸಮ್ಮೇಳನಕ್ಕೆ ಎರಡು ದಿನ ಇರುವಾಗ ಕೊನೆಯ ಹಾಳೆ ತರಲು ಹೋದೆವು. ಸಂಜೆಯ ಓರೆ ಬಿಸಿಲು ಮಂಚದ ಮೇಲೆ ಬಿದ್ದಿತ್ತು ಎಂದು ನನ್ನ ನೆನಪು. ನನ್ನ ಭೇಟಿಯ ಪುಸ್ತಕದಲ್ಲಿ ಹನ್ನೆರಡೂ ನಲವತ್ತು ಎಂದಿದೆ. ಎರಡರಲ್ಲಿ ಪುಸ್ತಕವೇ ಸರಿ ಇರಬೇಕು.

ನಾವು ಬರುತ್ತೇವೆಂದರೆ ಆ ಮನೆಯಲ್ಲಿ ಹಾಲಮ್ಮನ ಮುಖ ತೊಳೆದು, ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು, ಮಗ್ಗುಲು ಸರಿಮಾಡಿ ಮಲಗಿಸಿರುತ್ತಿದ್ದರು. ಬಂದವರ ಮುಂದೆ ಹೆಂಗೆಂಗೋ ಇರಬಾರದು ಎನ್ನುವ ಮರ್ಯಾದೆ. ಪಟ್ಟಿ ಬರೆಯುವ ಮೊದಲೂ ಸವಿತ ಹಾಗೆಯೇ ಮಾಡುತ್ತಿದ್ದಳೆಂದು ನನಗೆ ಅಂದೇ ತಿಳಿದದ್ದು. ಒರೆಸಿ, ಓರಣ ಮಾಡಿ, ಆಮೇಲೆ ಮುಖ ನೋಡಿ ಸೊನ್ನೆ ಬರೆಯುವುದು.

ಹಾಳೆ ತೆಗೆದುಕೊಂಡು ಏಳುವಷ್ಟರಲ್ಲಿ ಮಲ್ಲಪ್ಪ ಬಾಗಿಲಿಗೆ ಬಂದು ನಿಂತರು. ಹಾಲಮ್ಮನ ಗಂಡ. ಸಿಂಗಟಗೆರೆ, ಹಿರೇನಲ್ಲೂರು ಕಡೆಯೆಲ್ಲ ಬೋರ್‌ವೆಲ್ ಕೊರೆಸುವವರು ಅವರನ್ನು ಕರೆಸಿ ನೀರಿನ ಪಾಯಿಂಟ್ ಹಾಕಿಸುತ್ತಾರೆ. ಅಂಗೈ ಮೇಲೆ ಜುಟ್ಟಿನ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು. ನೀರಿರುವ ಕಡೆ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದಂತೆ. ಅಂದು ಅವರ ಕೈಯಲ್ಲಿ ಆ ಕಾಯಿ ಇತ್ತು.

"ಸಿಸ್ಟರಮ್ಮ, ಇವಳಿಗೆ ನೋವೈತೆ. ನಿಮ್ ಹಾಳೆ ಸುಳ್ಳು ಹೇಳ್ತೈತೆ" ಅಂದರು.

ಮಂಜಣ್ಣ ನಕ್ಕ. "ನಮ್ಮಣ್ಣನ ಹೊಲ್ದಲ್ಲಿ ಇವ್ರು ಎರಡು ಪಾಯಿಂಟ್ ಹಾಕಿದ್ರು ಕಣ್ರೀ ಸಿಸ್ಟರ್, ಎರಡ್ರಲ್ಲೂ ಬರೀ ಧೂಳು!"

"ಲೇ, ನಿಮ್ಮಣ್ಣ ನಾನ್ ತೋರ್ಸಿದ್ ಕಡೆ ಕೊರ್ಸಿದ್ರೆ ತಾನೆ? ಟ್ರ್ಯಾಕ್ಟರ್‌ಗೆ ಅಡ್ಡ ಆಯ್ತದೆ ಅಂತ ನಾಲ್ಕು ಮಾರು ಈಚೆ ಕೊರ್ಸ್ದ. ಅದೂ ನನ್ ತಪ್ಪಾ?"

ಸವಿತಳಿಗೆ ನಾಚಿಕೆಯಾಯಿತು. "ಅಪ್ಪಾ, ಸುಮ್ನಿರು. ಅವ್ರು ಓದ್ದೋರು" ಅಂದಳು. ಅವರು ಸುಮ್ಮನಾಗಲಿಲ್ಲ. "ನಂಬಲ್ಲ ಅಂದ್ರೆ ನೀವೇ ಹಿಡ್ಕಳಿ ತಾಯಿ" ಎಂದು ಕಾಯಿಯನ್ನು ನನ್ನ ಅಂಗೈ ಮೇಲಿಟ್ಟರು. ಅದಕ್ಕೆ ಮೊದಲು ಅವರೇ ಹಿಡಿದು ತೋರಿಸಿದ್ದರೇ? ಸವಿತ ಹೌದು ಎನ್ನುತ್ತಾಳೆ. ಮಂಜಣ್ಣ ಇಲ್ಲ ಎನ್ನುತ್ತಾನೆ. ಅವರು ಹಾಲಮ್ಮನ ಎಡಸೊಂಟದ ಮೇಲೆ ಕಾಯಿ ಹಿಡಿದದ್ದನ್ನು ನಾನು ನೋಡಿದ್ದರೆ, ನನ್ನ ಬೆರಳುಗಳು ನನಗೇ ಗೊತ್ತಾಗದಂತೆ ಅದನ್ನೇ ಮಾಡಿರುತ್ತವೆ. ಅಷ್ಟು ವಿಜ್ಞಾನ ನನಗೆ ಗೊತ್ತು.

ಕಾಯಿ ಹಿಡಿದ ಕೈಯನ್ನು ಹಾಲಮ್ಮನ ಪಾದದ ಕಡೆಯಿಂದ ಮೇಲಕ್ಕೆ ಒಯ್ದೆ. ತಮಾಷೆ ಮಾಡಿ ಮುಗಿಸೋಣ ಎಂದುಕೊಂಡೆ. ಮಂಡಿಯವರೆಗೆ ಏನೂ ಇಲ್ಲ. ತೊಡೆ ದಾಟುವಾಗ ಕಾಯಿ ಭಾರವಾಯಿತು, ಅಥವಾ ನನ್ನ ಕೈ ಸೋತಿತು. ಎಡಸೊಂಟದ ಮೇಲೆ ಬಂದಾಗ ಅದು ಅಂಗೈಯಲ್ಲಿ ಹೊರಳಿ, ಜುಟ್ಟು ಮೇಲಾಗಿ ನಿಂತಿತು. ಜಾರಲಿಲ್ಲ. ಕೈ ಹಿಂದಕ್ಕೆ ತೆಗೆದೆ, ಕಾಯಿ ಮಲಗಿತು. ಮತ್ತೆ ಒಯ್ದೆ, ಎದ್ದಿತು. ಮಂಜಣ್ಣನ ನಗು ನಿಂತಿತ್ತು.

"ಆಳ ಐತೆ. ಐನೂರಡಿ ಕೆಳಗೆ" ಅಂದರು ಮಲ್ಲಪ್ಪ.

ಹಾಲಮ್ಮನ ಮುಖ ನೋಡಿದೆ. ಏನೂ ಇಲ್ಲ. ಸೊಂಟ ಮುಟ್ಟಿ, ಒತ್ತಿ, ಕಾಲನ್ನು ನಿಧಾನ ತಿರುಗಿಸಿದೆ. ನರಳಲಿಲ್ಲ. ಪಟ್ಟಿಯ ಪ್ರಕಾರ ಆಗಲೂ ಸೊನ್ನೆಯೇ. ಫೋನ್ ಮಾಡಿದೆ. ಮೇಡಂ ಕೇಳಬೇಕಾದದ್ದನ್ನೇ ಕೇಳಿದರು: "ಏನು ಕಂಡಿರಿ?" ಕಾಯಿ ನಿಂತಿತು ಎಂದು ಹೇಳುವುದು ಹೇಗೆ? "ಕಾಲು ತಿರುಗಿಸಿದಾಗ ಮುಖ ಕಿವುಚಿದರು" ಎಂದೆ. ಇದನ್ನು ಬಹಳ ದಿನ ನಾನು ಹೇಳಿದ ಸುಳ್ಳು ಎಂದೇ ಲೆಕ್ಕ ಹಾಕಿದ್ದೆ. ಈಗ ಆ ಮುಖವನ್ನು ನೆನೆಸಿಕೊಂಡರೆ ಹುಬ್ಬಿನ ಮಧ್ಯೆ ಒಂದು ಗೆರೆ ಕಾಣುತ್ತದೆ. ಅಂದೇ ಇತ್ತೋ, ಆಮೇಲೆ ನಾನು ಎಳೆದದ್ದೋ ತಿಳಿಯದು.

ಅರ್ಧಕ್ಕಿಳಿಸುವ ಮೊದಲಿನ ಪ್ರಮಾಣವನ್ನೇ ಕೊಡಿ, ಉಸಿರು ನೋಡುತ್ತಾ ಅಲ್ಲೇ ಇರಿ ಎಂದರು ಮೇಡಂ. ಮಾತ್ರೆ ಅರೆದು, ನೀರಿನಲ್ಲಿ ಕದಡಿ ಚಮಚದಲ್ಲಿ ಕುಡಿಸಿದೆ. ಆಮೇಲೆ ಹೆದರಿಕೆ ಶುರುವಾಯಿತು. ನೋವೇ ಇಲ್ಲದವರಿಗೆ, ಮೆದುಳಿನ ಕಾಯಿಲೆಯವರಿಗೆ, ಒಂದು ತೆಂಗಿನಕಾಯಿಯನ್ನು ನಂಬಿ ಮಾರ್ಫಿನ್ ಹೆಚ್ಚು ಕೊಟ್ಟಿದ್ದೆ. ಅದು ಮಿತಿಮೀರಿದರೆ ಉಸಿರೇ ಇಳಿದುಹೋಗುತ್ತದೆ. ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಉಸಿರೆಂದು ಎಣಿಸಿದೆ. ಹದಿನೆಂಟು. ಹದಿನಾರು. ಹದಿನಾಲ್ಕು. ಸವಿತ ನನ್ನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಹದಿನಾಲ್ಕು. ಇನ್ನೂ ಇಳಿದರೆ ಏನು ಮಾಡಲಿ, ಮೇಡಂಗೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗ ಸವಿತ ಕೂಗಿದಳು:

"ಸಿಸ್ಟರ್! ಅವ್ವ ಕೈ ಬಿಟ್ಲು!"

ಮುಷ್ಟಿ ಬಿಚ್ಚಿತ್ತು. ಬೆರಳುಗಳು ಒಂದೊಂದಾಗಿ ಸಡಿಲವಾಗಿ ಚಾದರದ ಮೇಲೆ ಹರಡಿಕೊಂಡಿದ್ದವು. ಮೂರು ವಾರದಲ್ಲಿ ಆ ಕೈ ತಾನಾಗಿ ಬಿಚ್ಚಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಉಸಿರು ಹದಿನಾಲ್ಕರಿಂದ ಕೆಳಗಿಳಿದಿರಲಿಲ್ಲ.

ಕಾಯಿಯನ್ನು ಇನ್ನೊಮ್ಮೆ ಹಿಡಿದು ನೋಡಿ ಎಂದು ಮಲ್ಲಪ್ಪನವರನ್ನು ಕೇಳಿಕೊಂಡೆ. ಈಗ ಮಲಗಿಯೇ ಇದ್ದರೆ ನನಗೊಂದು ಉತ್ತರ ಸಿಗುತ್ತಿತ್ತು, ನಿಂತರೆ ಇನ್ನೊಂದು. ಅವರು ಒಪ್ಪಲಿಲ್ಲ. "ನೀರು ಬಂದ್ ಮ್ಯಾಲೆ ಅದೇ ಜಾಗದಲ್ಲಿ ಕಾಯಿ ಹಿಡಿಯಲ್ಲ ತಾಯಿ. ನಮ್ಮಪ್ಪನೂ ಹಿಡೀತಿರ್ಲಿಲ್ಲ" ಎಂದು ಕಾಯಿ ತೆಗೆದುಕೊಂಡು ಹೊರಗೆ ಹೋದರು. ನಾನಾದರೂ ಇನ್ನೊಂದು ಕಾಯಿ ಕೇಳಬಹುದಿತ್ತು. ಕೇಳಲಿಲ್ಲ.

ಸಮ್ಮೇಳನದಲ್ಲಿ ಹಾಲಮ್ಮನ ಪುಟವನ್ನು ಬಿಟ್ಟು ಮಾತಾಡಿದೆ. ಕೊನೆಯಲ್ಲಿ ಒಬ್ಬರು, ಯಾವ ದೇಶದವರೋ, ಎದ್ದು ಮನೆಯವರು ಬರೆದ ಸೊನ್ನೆ ನಿಜವಾದ ಸೊನ್ನೆ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ತರಬೇತಿ ಕೊಟ್ಟಿದ್ದೇವೆ ಎಂದೆ. ಚಪ್ಪಾಳೆ ತಟ್ಟಿದರು.

ಹಾಲಮ್ಮ ಮುಂದೆ ಹೆಚ್ಚು ದಿನ ಉಳಿಯಲಿಲ್ಲ. ಕೊನೆಯವರೆಗೂ ಮೊದಲಿನ ಪ್ರಮಾಣವನ್ನೇ ಕೊಟ್ಟೆವು, ಕೈ ಮತ್ತೆ ಮುಷ್ಟಿ ಕಟ್ಟಲಿಲ್ಲ. ಕ್ಯಾನ್ಸರ್ ಸೊಂಟದ ಮೂಳೆಗೂ ಹತ್ತಿತ್ತೇ ಎಂದು ನೋಡಲು ಎಕ್ಸ್-ರೇ ತೆಗೆಸಲಿಲ್ಲ. ಆ ಸ್ಥಿತಿಯಲ್ಲಿ ಯಾರೂ ತೆಗೆಸುವುದಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಸವಿತ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದಳು: "ಸಿಸ್ಟರ್, ನಾನು ಸೊನ್ನೆ ಬರೀತಿದ್ದೆನಲ್ಲ, ಅಷ್ಟು ದಿನಾನೂ ಅವ್ವಂಗೆ ನೋವಿತ್ತಾ?"

ಇಲ್ಲ ಎಂದಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು. ಹೌದು ಎನ್ನಲು ನನ್ನ ಹತ್ತಿರ ಒಂದು ತೆಂಗಿನಕಾಯಿ, ಬಿಚ್ಚಿಕೊಂಡ ಒಂದು ಮುಷ್ಟಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಗೊತ್ತಿಲ್ಲ ಕಣೇ ಎಂದೆ. ಈಗಲೂ ಗೊತ್ತಿಲ್ಲ.